ನಮ್ಮೂರಿನ ಹಸಿರು, ಕೆಂಪುಕಲ್ಲು ಮತ್ತು ಡಾರ್ಕ್‌ಟೇಬಲ್: ಹಲವು ಮಳೆಗಾಲ ಬಳಸಿದ ಮೇಲೆ

ಡಾರ್ಕ್‌ಟೇಬಲ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್ ಉಚಿತ ಅನ್ನುವ ಕಾರಣಕ್ಕೆ ಅದನ್ನು ಹೊಗಳುವವರು ಜಾಸ್ತಿ. ನಾನು ಹೊಗಳುವುದು ಅದಕ್ಕಲ್ಲ. ಕಾಸರಗೋಡಿನಂಥ ಊರಿನಲ್ಲಿ ಭೂದೃಶ್ಯ ತೆಗೆಯುವವರಿಗೆ ಎರಡು ತೊಂದರೆ ತಪ್ಪಿದ್ದಲ್ಲ. ಒಂದು, ಕಣ್ಣು ಕುಕ್ಕುವ ಆಕಾಶ. ಇನ್ನೊಂದು, ಹದ ತಪ್ಪುವ ಹಸಿರು. ಎರಡಕ್ಕೂ ಇದರಲ್ಲಿ ಒಳ್ಳೆಯ ಉಪಾಯ ಇದೆ. ಆದರೆ ಒಬ್ಬರೇ ಕೂತು ಕಲಿಯುವುದು ಕಷ್ಟ. ಮಾಡ್ಯೂಲ್‌ಗಳ (ಒಂದೊಂದು ಕೆಲಸಕ್ಕೆ ಒಂದೊಂದಾಗಿ ಇರುವ ಉಪಕರಣಗಳ) ಉದ್ದದ ಪಟ್ಟಿ ನೋಡಿಯೇ ಎಷ್ಟೋ ಜನ ಮುಚ್ಚಿಬಿಡುತ್ತಾರೆ. ನನಗೆ ಇದು ದಕ್ಕಿದ್ದು ಬೇಕಲದಲ್ಲಿ ನಡೆದ ಒಂದು ಕಾರ್ಯಾಗಾರದಿಂದ, ಆಮೇಲೂ ಅದೇ ಗುಂಪಿನ ಜೊತೆ ತಿರುಗಾಡಿದ್ದರಿಂದ. ಹಾಗಾಗಿ ಸಾಫ್ಟ್‌ವೇರ್, ಕಾರ್ಯಾಗಾರ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಇದು ರಾ ಫೈಲ್‌ಗಳನ್ನು, ಅಂದರೆ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಟ್ಟ ಕ್ಯಾಮರಾ ಫೈಲ್‌ಗಳನ್ನು, ತಿದ್ದುವ ಸಾಫ್ಟ್‌ವೇರ್. 2009ರಲ್ಲಿ ಲಿನಕ್ಸ್‌ನಲ್ಲಿ ಶುರುವಾಯಿತು. ಈಗ ವಿಂಡೋಸ್, ಮ್ಯಾಕ್ ಎರಡರಲ್ಲೂ ಸಿಗುತ್ತದೆ. ಬರೆಯುವವರು ಬೇರೆ ಬೇರೆ ದೇಶಗಳ ಸ್ವಯಂಸೇವಕರು, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಹೊಸ ವರ್ಷನ್ ಬರುತ್ತವೆ. ಮೂಲ ಫೈಲನ್ನು ಅದು ಮುಟ್ಟುವುದೇ ಇಲ್ಲ. ನಾವು ಮಾಡಿದ ಬದಲಾವಣೆಗಳೆಲ್ಲ ಪಕ್ಕದಲ್ಲೇ ಒಂದು ಚಿಕ್ಕ ಎಕ್ಸ್‌ಎಂಪಿ ಫೈಲಿನಲ್ಲಿ ಕೂರುತ್ತವೆ. ಹಳೆಯ ಚಿತ್ರವನ್ನು ಹೊಸ ತಿಳಿವಳಿಕೆಯಿಂದ ಮತ್ತೆ ತಿದ್ದಲು ಇದರಿಂದ ತುಂಬಾ ಅನುಕೂಲ.

ಈಗ ಆಕಾಶದ ಮಾತು. ಬೇಕಲ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು 1650ರ ಸುಮಾರಿಗೆ. ಗೋಡೆಗಳೆಲ್ಲ ಕೆಂಪುಕಲ್ಲು, ಪಡುವಣದಲ್ಲಿ ಕಡಲು. ಸಂಜೆ ಕೋಟೆಯ ಒಳಗಿನಿಂದ ಕಡಲ ಕಡೆಗೆ ಕ್ಯಾಮರಾ ತಿರುಗಿಸಿದರೆ ಗೋಡೆಯ ನಮ್ಮ ಕಡೆಯ ಮುಖ ಪೂರ್ತಿ ನೆರಳು, ಹಿಂದೆ ಉರಿಯುವ ಆಕಾಶ. ಆಕಾಶಕ್ಕೆ ಹೊಂದಿಸಿದರೆ ಕಲ್ಲು ಕಪ್ಪು, ಕಲ್ಲಿಗೆ ಹೊಂದಿಸಿದರೆ ಆಕಾಶ ಬಿಳಿ. ಕಾರ್ಯಾಗಾರದ ಮಾಷ್ಟ್ರು ಮೊದಲು ಹೇಳಿಕೊಟ್ಟದ್ದು ಸಾಫ್ಟ್‌ವೇರನ್ನಲ್ಲ, ಈ ಲೆಕ್ಕವನ್ನು. 14 ಬಿಟ್‌ನ ರಾ ಫೈಲಿನಲ್ಲಿ ಬೆಳಕಿನ 16,384 ಮೆಟ್ಟಿಲುಗಳಿವೆ. ಅವುಗಳಲ್ಲಿ ಅರ್ಧ, ಅಂದರೆ 8,192, ಅತಿ ಬೆಳಕಿನ ಒಂದೇ ಸ್ಟಾಪಿಗೆ (ಬೆಳಕು ದುಪ್ಪಟ್ಟು ಅಥವಾ ಅರ್ಧ ಆಗುವ ಅಂತರಕ್ಕೆ) ಹೋಗುತ್ತವೆ. ಉಳಿದ ಅರ್ಧದಲ್ಲಿ ಮತ್ತೆ ಅರ್ಧ ಅದರ ಕೆಳಗಿನ ಸ್ಟಾಪಿಗೆ. ನೆರಳಿನ ತಳಕ್ಕೆ ಬರುವಾಗ ಉಳಿಯುವುದು ಬೆರಳೆಣಿಕೆ. ಆದ್ದರಿಂದ ಆಕಾಶ ಸುಟ್ಟುಹೋಗದಷ್ಟು, ಆದರೆ ಆದಷ್ಟು ಬೆಳಕು ತುಂಬಿಸಿಯೇ ತೆಗೆಯಬೇಕು. ಕ್ಯಾಮರಾದ ಪರದೆಯಲ್ಲಿ ಕಾಣುವ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಜೆಪೆಗ್ ಚಿತ್ರದ್ದು, ರಾ ಫೈಲಿನದ್ದಲ್ಲ ಅನ್ನುವುದನ್ನೂ ಅವರು ಒತ್ತಿ ಹೇಳಿದರು. ಇದು ಗೊತ್ತಾದ ಮೇಲೆ ಡಾರ್ಕ್‌ಟೇಬಲ್‌ನ ಅರ್ಧ ಮಾಡ್ಯೂಲ್‌ಗಳು ಯಾಕಿವೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ನಾನು ಅತಿ ಹೆಚ್ಚು ಬಳಸುವುದು ಟೋನ್ ಈಕ್ವಲೈಸರ್. ಬಂದದ್ದು 2019ರ ಕೊನೆಯಲ್ಲಿ, 3.0 ವರ್ಷನ್ ಜೊತೆಗೆ. ಇದು ಚಿತ್ರವನ್ನು ಬೆಳಕಿನ ಪ್ರಕಾರ ಮೈನಸ್ 8 ಸ್ಟಾಪಿನಿಂದ ಸೊನ್ನೆಯವರೆಗೆ ಒಂಬತ್ತು ಹಂತ ಮಾಡಿ, ಬೇಕಾದ ಹಂತವನ್ನಷ್ಟೇ ಎತ್ತಲು ಇಳಿಸಲು ಬಿಡುತ್ತದೆ. ನಮ್ಮ ಕರಾವಳಿಗೆ ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ದಿಗಂತ ನೇರ ಗೆರೆಯಲ್ಲ. ಯಾವ ದಿಕ್ಕಿಗೆ ನೋಡಿದರೂ ತೆಂಗಿನ ತಲೆ, ಕಂಗಿನ (ಅಡಿಕೆ ಮರದ) ತಲೆ ಆಕಾಶದೊಳಗೆ ನುಗ್ಗಿರುತ್ತದೆ. ಗ್ರೇಡಿಯೆಂಟ್ (ಮೇಲಿಂದ ಕೆಳಗೆ ಮೆಲ್ಲ ಕಡಿಮೆಯಾಗುವ ಕಪ್ಪು) ಎಳೆದು ಆಕಾಶ ಕಪ್ಪು ಮಾಡಿದರೆ ಗರಿಗಳೂ ಅದರ ಜೊತೆ ಕಪ್ಪಾಗುತ್ತವೆ. ಲೆನ್ಸಿನ ಮುಂದೆ ಹಾಕುವ ಗ್ರೇಡೆಡ್ ಫಿಲ್ಟರಿನದ್ದೂ ಅದೇ ಕಥೆ. ಟೋನ್ ಈಕ್ವಲೈಸರ್ ಜಾಗ ನೋಡುವುದಿಲ್ಲ, ಬೆಳಕು ನೋಡುತ್ತದೆ. ಆಕಾಶ ಇಳಿಯುತ್ತದೆ, ಗರಿಗಳು ಇದ್ದ ಹಾಗೇ ಉಳಿಯುತ್ತವೆ. ಮಾಸ್ಕ್ (ಯಾವ ಭಾಗ ತಿದ್ದಬೇಕೆಂದು ಗುರುತಿಸುವ ಮುಸುಕು) ಟ್ಯಾಬಿಗೆ ಹೋಗಿ ಹಿಸ್ಟೋಗ್ರಾಮ್ ಪೂರ್ತಿ ಹರಡುವಂತೆ ಮೊದಲು ಹೊಂದಿಸಿಕೊಳ್ಳಬೇಕು, ಇಲ್ಲದಿದ್ದರೆ ಗುಂಡಿ ಎಷ್ಟು ತಿರುಗಿಸಿದರೂ ಚಿತ್ರ ಅಲ್ಲಾಡುವುದಿಲ್ಲ. ಈ ಒಂದು ಹೆಜ್ಜೆಯನ್ನು ಎದುರಿಗೆ ಕೂತು ತೋರಿಸುವವರು ಬೇಕು.

ಹಸಿರಿನ ಪಾಠ ಕಾರ್ಯಾಗಾರದ ಎರಡನೇ ದಿನ. ಮಾಷ್ಟ್ರು ಒಬ್ಬರ ಚಿತ್ರವನ್ನು ಪರದೆಗೆ ಹಾಕಿದರು. ಬೈಲಿನ ಗದ್ದೆ, ಹಿಂದೆ ತೋಟ. ಬದಿಯಡ್ಕ ಕಡೆಯ ಒಬ್ಬ ಕೃಷಿಕರು ನೋಡಿದವರೇ, "ಮಾಷ್ಟ್ರೇ, ಈ ಪೈರಿಗೆ ಯೂರಿಯ ಜಾಸ್ತಿ ಬಿದ್ದಿದೆ" ಎಂದರು. ಅವರು ಹೇಳಿದ್ದು ಸರಿಯೇ. ನಾಟಿಯಾಗಿ ಸ್ವಲ್ಪ ದಿನವಾದ ಗದ್ದೆಯ ಹಸಿರಿನಲ್ಲಿ ಹಳದಿ ಇರುತ್ತದೆ. ಅಡಿಕೆ ತೋಟದ್ದು ಕಡು ಹಸಿರು. ಕಡಲ ದಂಡೆಯ ಗಾಳಿ ಮರದ್ದು (ಸರ್ವೆ ಮರದ್ದು) ಬೂದಿ ಕಲೆಸಿದ ಹಸಿರು. ಕಾಂಟ್ರಾಸ್ಟ್ ಎಳೆದಾಗ ಬಣ್ಣವೂ ಗಾಢವಾಗುತ್ತದೆ, ಮೂರೂ ಸೇರಿ ಒಂದೇ ಪೇಂಟ್ ಬಳಿದಂತೆ ಆಗುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಪ್ಯಾರಾಮೆಟ್ರಿಕ್ ಮಾಸ್ಕ್, ಅಂದರೆ ಬಣ್ಣ ಬೆಳಕು ನೋಡಿ ಆರಿಸುವ ಮಾಸ್ಕ್, ಹಾಕಿ ಹಳದಿ ಬೆರೆತ ಹಸಿರನ್ನು ಮಾತ್ರ ಹಿಡಿದು ಬೇರೆ ತಿದ್ದಬಹುದು. ಅದರ ಮೇಲೆ ಕೈಯಲ್ಲಿ ಬರೆದ ಮಾಸ್ಕನ್ನೂ ಸೇರಿಸಬಹುದು. ಈ ಜೋಡಿ ಮಾಸ್ಕ್ ಸೌಲಭ್ಯಕ್ಕಾಗಿಯೇ ನಾನು ಬೇರೆ ಸಾಫ್ಟ್‌ವೇರ್ ಕಡೆ ಹೋಗಿಲ್ಲ. ಬಣ್ಣದ ವಿಷಯದಲ್ಲಿ ಬೇಸಾಯ ಗೊತ್ತಿದ್ದವರ ಮಾತಿಗಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಈಗಲೂ ಪ್ರಿಂಟ್ ಹಾಕಿಸುವ ಮೊದಲು ಅಂಥವರೊಬ್ಬರಿಗೆ ತೋರಿಸುತ್ತೇನೆ.

ಕೆಂಪುಕಲ್ಲಿಗೂ ಇಂಥದ್ದೇ ಕಷ್ಟ ಇದೆ. ಚೌಕಟ್ಟಿನ ತುಂಬ ಕೆಂಪು ಗೋಡೆ ಇದ್ದರೆ ಕ್ಯಾಮರಾದ ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ತಾನೇ ಸರಿಪಡಿಸುವ ವ್ಯವಸ್ಥೆ) ಅದನ್ನು ತಣ್ಣಗೆ, ಅಂದರೆ ನೀಲಿ ಕಡೆಗೆ, ಮಾಡಿಬಿಡುತ್ತದೆ. ಬಿಸಿಲಿನ ಸೆಟ್ಟಿಂಗಿನಲ್ಲಿಟ್ಟು ತೆಗೆದು, ಮನೆಗೆ ಬಂದು ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲ್‌ನಲ್ಲಿ ಹೊಂದಿಸಿದರೆ ಸಾಕು.

ಪೊಸಡಿಗುಂಪೆ ಗುಡ್ಡೆಯ ಮಂಜಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೇಝ್ ರಿಮೂವಲ್ ಮಾಡ್ಯೂಲ್ ಕೈಗೆ ಸಿಕ್ಕಿತೆಂದು ಬೆಳಗಿನ ಮಂಜನ್ನೆಲ್ಲ ಒರೆಸಿ ತೆಗೆಯುವ ಚಟ ಈಗ ಹೆಚ್ಚುತ್ತಿದೆ. ಗುಡ್ಡೆಯ ಹಿಂದೆ ಗುಡ್ಡೆ, ಒಂದಕ್ಕಿಂತ ಒಂದು ಮಸುಕು, ಅದರಿಂದಲೇ ಅಲ್ವಾ ದೂರ ಅನ್ನುವುದು ತಿಳಿಯುವುದು? ನಾನು ಅದನ್ನು ಮಧ್ಯಾಹ್ನದ ಚಿತ್ರಗಳಿಗೆ ಮಾತ್ರ, ಅದೂ ಕಡಿಮೆ ಬಲದಲ್ಲಿ ಹಾಕುತ್ತೇನೆ.

ಸಾಫ್ಟ್‌ವೇರಿನಿಂದ ಆಗದ್ದನ್ನೂ ಕಾರ್ಯಾಗಾರದಲ್ಲಿ ತೋರಿಸಿಕೊಟ್ಟದ್ದು ದೊಡ್ಡ ಲಾಭ. ಮಳೆ ಬಿಟ್ಟ ಕೂಡಲೇ ಎಲೆಗಳ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ. ಆ ಹೊಳಪಿನ ಅಡಿಯ ಹಸಿರು ಸೆನ್ಸರ್‌ಗೆ ತಲುಪಿಯೇ ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಅದನ್ನು ಹುಡುಕಿ ತರಲಾಗದು. ಅದಕ್ಕೆ ಹೊಳಪು ತಡೆಯುವ ಪೋಲರೈಸರ್ ಫಿಲ್ಟರೇ ಬೇಕು. ಒಂದೂವರೆ ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ, ಹಾಗಾಗಿ ಟ್ರೈಪಾಡ್ ಜೊತೆಗಿರಲಿ. ಅನಂತಪುರದ ಕೆರೆಯ ಹತ್ತಿರ, ಪದವಿನ (ಕೆಂಪುಕಲ್ಲಿನ ಬಯಲುಗುಡ್ಡೆಯ) ಮೇಲೆ ಮಳೆಗಾಲದಲ್ಲಿ ಅರಳುವ ನೇರಳೆ ಹೂಗಳ ನಡುವೆ, ಫಿಲ್ಟರ್ ತಿರುಗಿಸುತ್ತಾ ವ್ಯತ್ಯಾಸ ನೋಡುವುದೇ ಒಂದು ಪಾಠ.

ಎಲ್ಲ ಕಾರ್ಯಾಗಾರಗಳೂ ಹೀಗಿಲ್ಲ. ಇನ್ನೊಂದು ಕಡೆ ಜಾಸ್ತಿ ಶುಲ್ಕ ಕೊಟ್ಟು ಹೋಗಿದ್ದೆ. ಅಲ್ಲಿ ಕೊನೆಗೆ ಕೈಗೆ ಬಂದದ್ದು ಪೆನ್‌ಡ್ರೈವಿನಲ್ಲಿ ಒಂದಷ್ಟು ಪ್ರೀಸೆಟ್ (ಮೊದಲೇ ಸಿದ್ಧ ಮಾಡಿಟ್ಟ ಹೊಂದಾಣಿಕೆಗಳು). ಬೇರೆ ಯಾವುದೋ ದೇಶದ ಬೆಳಕಿಗೆ ಮಾಡಿದ ಪ್ರೀಸೆಟ್ ನಮ್ಮ ತೋಟದ ಮೇಲೆ ಹಾಕಿದರೆ ಎಲ್ಲವೂ ಕಂದು. ಸೇರುವ ಮೊದಲು ಎರಡು ವಿಷಯ ಕೇಳಿ: ನಮ್ಮದೇ ಫೈಲುಗಳ ಮೇಲೆ ಕೆಲಸ ಮಾಡಿಸುತ್ತಾರಾ, ಒಬ್ಬ ಕಲಿಸುವವರಿಗೆ ಎಷ್ಟು ಜನ. ಬೇಕಲದ ಗುಂಪಿನಲ್ಲಿ ಕನ್ನಡ, ಮಲಯಾಳ, ತುಳು ಮೂರರಲ್ಲೂ ಕೇಳಬಹುದಿತ್ತು, ಯಾರಿಗೂ ಸಂಕೋಚ ಆಗಲಿಲ್ಲ.

ಕೊರತೆಗಳೂ ಇವೆ. ಪನೋರಮಾ (ಹಲವು ಚಿತ್ರ ಸೇರಿಸಿದ ಅಗಲ ಚಿತ್ರ) ಜೋಡಿಸಲು ಇದರಲ್ಲಿ ಆಗುವುದಿಲ್ಲ, ಹುಗಿನ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಬೇಕು. ಹೊಸ ಕ್ಯಾಮರಾ ಕೊಂಡವರು ಅದರ ರಾ ಫೈಲ್ ತೆರೆಯಲು ಕೆಲವೊಮ್ಮೆ ಮುಂದಿನ ವರ್ಷನ್‌ವರೆಗೆ ಕಾಯಬೇಕು. ಮೊಬೈಲಿಗೆ ಇಲ್ಲ. ಡಿಫ್ಯೂಸ್ ಆರ್ ಶಾರ್ಪನ್‌ನಂಥ ಭಾರದ ಮಾಡ್ಯೂಲ್ ಹಾಕಿದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಮಾಡ್ಯೂಲ್‌ಗಳ ಗೊಂದಲಕ್ಕೆ ಮಾತ್ರ ಪರಿಹಾರ ಇದೆ. ಕ್ವಿಕ್ ಆಕ್ಸೆಸ್ ಪ್ಯಾನೆಲ್‌ನಲ್ಲಿ ಬೇಕಾದವನ್ನಷ್ಟೇ ಇಟ್ಟುಕೊಳ್ಳಿ. ಎಕ್ಸ್‌ಪೋಷರ್, ಟೋನ್ ಈಕ್ವಲೈಸರ್, ಸಿಗ್ಮಾಯ್ಡ್ (ಬೆಳಕನ್ನು ಪರದೆಗೆ ಹೊಂದಿಸಲು), ಕಲರ್ ಬ್ಯಾಲೆನ್ಸ್ ಆರ್‌ಜಿಬಿ (ಬಣ್ಣ ತಿದ್ದಲು). ಶುರುವಿಗೆ ಇಷ್ಟು ಧಾರಾಳ.

ಹೊಸ ವರ್ಷನ್ ಹಾಕುವ ಮೊದಲು ಚಿತ್ರಗಳ ಫೋಲ್ಡರನ್ನು ಎಕ್ಸ್‌ಎಂಪಿ ಫೈಲುಗಳ ಸಮೇತ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಡಾರ್ಕ್‌ಟೇಬಲ್ ಚಿತ್ರಗಳ ಪಟ್ಟಿ ಇಡುವ ಡೇಟಾಬೇಸ್ ಒಮ್ಮೆ ಹೊಸದಕ್ಕೆ ಬದಲಾದರೆ ಹಳೆಯ ವರ್ಷನ್ ಅದನ್ನು ತೆರೆಯುವುದಿಲ್ಲ. ಪ್ರಿಂಟಿಗೆ ಕೊಡುವಾಗ ಲ್ಯಾಬಿನವರು ಬೇರೇನೂ ಹೇಳದಿದ್ದರೆ ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳ ಬಣ್ಣದ ಮಾನದಂಡ) ಜೆಪೆಗ್ ಆಗಿಯೇ ಎಕ್ಸ್‌ಪೋರ್ಟ್ ಮಾಡಿ, ಮತ್ತು ತಿದ್ದಲು ಕೂರುವ ಮೊದಲು ಪರದೆಯ ಬೆಳಕು ಸ್ವಲ್ಪ ಇಳಿಸಿಕೊಳ್ಳಿ.