ಆಳು ಒಬ್ಬನೇ, ಸೈಕಲ್ ಹಲವು: ಹಳೆ ಸೈಕ್ಲೋಕ್ರಾಸ್ ಬೈಕ್, ಒಂದು ವರ್ಷ ಓಡಿಸಿದ ಮೇಲೆ

ಈ ಸೈಕ್ಲೋಕ್ರಾಸ್ ಬೈಕ್, ಅಂದರೆ ಕೆಸರು, ಕಾಡುದಾರಿಯ ರೇಸಿಗೆ ಮಾಡಿದ ಸೈಕಲ್, ಕೊಂಡಿದ್ದು ಒಬ್ಬ ಮನುಷ್ಯನನ್ನು ನೋಡಿ. 2024ರ ಅಕ್ಟೋಬರ್ 6, ಭಾನುವಾರ. ನಾವಿರುವ ಬೆಲ್ಜಿಯಂನ ಲ್ಯೂವನ್ ಊರಲ್ಲಿ ಗ್ರಾವೆಲ್, ಅಂದರೆ ಜಲ್ಲಿದಾರಿಯ ಸೈಕಲ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಮುಗಿಯುವುದಿತ್ತು. ಉಪ್ಪಿಟ್ಟು ತಿಂದು ಸುಮ್ನೆ ಹೋಗಿ ದಾರಿ ಬದಿ ನಿಂತೆ. ನೆದರ್ಲೆಂಡ್ಸ್‌ನ ಸವಾರ ಮಾತ್ಯೂ ವಾನ್ ಡರ್ ಪೂಲ್ ನನ್ನಿಂದ ಎರಡು ಮಾರು ದೂರದಲ್ಲಿ ಹಾದುಹೋದ. ಸುಂಯ್ ಅಂತ ಒಂದು ಸದ್ದು, ನನ್ನ ಶೂ ಮೇಲೆ ಒಂದಿಷ್ಟು ಜಲ್ಲಿ. ಅಷ್ಟೇ. ಗೆದ್ದೇಬಿಟ್ಟ. ಎರಡನೆಯವನು ಇಲ್ಲಿಯ ಹುಡುಗ ಫ್ಲೋರಿಯಾನ್ ವರ್ಮೇರ್ಶ್. ಹಿಂದಿನ ದಿನ ಹೆಂಗಸರಲ್ಲಿ ಗೆದ್ದ ಮರಿಯಾನ್ನ ಫಾಸ್ ಕೂಡ ವಾನ್ ಡರ್ ಪೂಲ್ ಹಾಗೇ, ರಸ್ತೆ ಮತ್ತು ಸೈಕ್ಲೋಕ್ರಾಸ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದವಳು.

ಮನೆಗೆ ಬಂದು ಲೆಕ್ಕ ಹಾಕಿದೆ. ಈ ಮನುಷ್ಯ ಆಗಲೇ ಸೈಕ್ಲೋಕ್ರಾಸ್‌ನಲ್ಲಿ ಆರು ಸಲ ವಿಶ್ವ ಚಾಂಪಿಯನ್. 2023ರಲ್ಲಿ ಗ್ಲಾಸ್ಗೋದಲ್ಲಿ ರಸ್ತೆ ರೇಸು ಗೆದ್ದಿದ್ದಾನೆ. ಈಗ ಗ್ರಾವೆಲ್. ಮೌಂಟನ್ ಬೈಕ್‌ನಲ್ಲೂ 2019ರಲ್ಲಿ ಯೂರೋಪಿನ ಚಾಂಪಿಯನ್. ಎಲ್ಲಕ್ಕೂ ಬುನಾದಿ ಯಾವುದು? ಸೈಕ್ಲೋಕ್ರಾಸ್. ಅಂದರೆ ಒಂದು ಸೈಕ್ಲೋಕ್ರಾಸ್ ಬೈಕ್ ಇದ್ದರೆ ಆಫೀಸು, ಕಾಡು, ರಸ್ತೆ, ಏರು ಎಲ್ಲವೂ ಆಗುತ್ತದೆ, ಅಲ್ವಾ? ನನ್ನ ಹೆಂಡತಿ ಕೇಳಿದಳು, "ಅವನು ಒಂದೇ ಸೈಕಲ್ಲಿನಲ್ಲಿ ಇಷ್ಟೆಲ್ಲ ಮಾಡ್ತಾನಾ?" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ತಿಂಗಳು 600 ಯೂರೋ ಕೊಟ್ಟು ಸೆಕೆಂಡ್ ಹ್ಯಾಂಡ್ ಒಂದನ್ನು ತಂದೆ. ಬ್ರಾಂಡ್ ಹೆಸರು ಬೇಡ. ಹಳೆ ಮಾಲು, ತಪ್ಪು ಕಂಪನಿಯದೋ ಮೊದಲ ಮಾಲೀಕನದೋ ನನ್ನದೋ ಹೇಳುವುದು ಕಷ್ಟ. ಅಲ್ಯೂಮಿನಿಯಂ ಫ್ರೇಮ್, ಡಿಸ್ಕ್ ಬ್ರೇಕ್, ಗೇರಿಗೆ ಮುಂದೆ ಪೆಡಲ್ ಹತ್ತಿರ 40 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 32 ಹಲ್ಲಿನವು. ಟೈರು 33 ಮಿಲಿಮೀಟರ್. ಸೈಕಲ್ ರೇಸಿನ ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ ನಿಯಮದಲ್ಲಿ ಸೈಕ್ಲೋಕ್ರಾಸ್ ಟೈರು ಅದಕ್ಕಿಂತ ಅಗಲ ಇರುವಂತಿಲ್ಲ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಕಾಡಿನಲ್ಲಿ ಇದು ಬಂಗಾರ. ನಮ್ಮ ಮನೆಯಿಂದ ಹತ್ತು ನಿಮಿಷಕ್ಕೆ ಹೇವರ್ಲೇ ಕಾಡು. ನವೆಂಬರ್‌ನಲ್ಲಿ ದಾರಿ ತುಂಬಾ ಬೀಚ್ ಮರದ ಎಲೆ, ಅದರ ಕೆಳಗೆ ಬೆಣ್ಣೆಯಂಥ ಮಣ್ಣು. ಗಾಳಿ 2 ಬಾರ್‌ಗೆ ಇಳಿಸಿದರೆ ಟೈರು ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ. ಮೊದಲ ದಿನ ನಾನು 3.5 ಬಾರ್ ಹಾಕಿ, ಒಂದು ತಿರುವಿನಲ್ಲಿ ಕಂಬಳದ ಗದ್ದೆಗೆ ಬಿದ್ದವನ ಹಾಗೆ ಎದ್ದು ಬಂದಿದ್ದೆ. ಮರ ಅಡ್ಡ ಬಿದ್ದಿದ್ದರೆ ಇಳಿದು ಸೈಕಲ್ಲನ್ನು ಹೆಗಲಿಗೇರಿಸುವುದು ಸುಲಭ. ಗೇರಿನ ತಂತಿಗಳು ಮೇಲಿನ ಪೈಪಿನ ಕೆಳಗೆ ಇಲ್ಲ, ಹೆಗಲಿಗೆ ಒತ್ತುವುದಿಲ್ಲ. ನೀರಿನ ಬಾಟಲಿ ಮಾತ್ರ ಪಕ್ಕೆಗೆ ಚುಚ್ಚುತ್ತದೆ. ರೇಸಿನವರು ಬಾಟಲಿ ಸ್ಟ್ಯಾಂಡನ್ನೇ ಯಾಕೆ ಬಿಚ್ಚಿಡುತ್ತಾರೆ ಅಂತ ಆಗ ಗೊತ್ತಾಯಿತು. ರೇಸೇ ಸುಮಾರು ಒಂದು ಗಂಟೆಯದು, ನೀರು ಯಾರಿಗೆ ಬೇಕು?

ಆಫೀಸಿಗೆ ಪರವಾಗಿಲ್ಲ. ಮಡ್‌ಗಾರ್ಡ್ ಇಲ್ಲ. ಬೆಲ್ಜಿಯಂ ಮಳೆಯಲ್ಲಿ ಬೆನ್ನ ಮೇಲೆ ಕಂದು ಗೆರೆ ಎಳೆದುಕೊಂಡು ಮೀಟಿಂಗಿಗೆ ಹೋಗಿದ್ದೇನೆ.

ರಸ್ತೆಯಲ್ಲಿ ಆಟ ಮುಗಿಯಿತು. ಭಾನುವಾರದ ಗುಂಪಿನ ಜೊತೆ ಹೋದರೆ ಇಳಿಜಾರಲ್ಲಿ ಗಂಟೆಗೆ 50 ಕಿಲೋಮೀಟರ್ ದಾಟುತ್ತಲೇ ಕಾಲು ಗಿರಗಿಟ್ಟಲೆಯಾಗುತ್ತದೆ, ಗೇರು ಸಾಲದು. ಉಳಿದವರು ಪೆಡಲ್ ನಿಲ್ಲಿಸಿ ಹರಟೆ ಹೊಡೆಯುತ್ತ ನನ್ನನ್ನು ದಾಟುತ್ತಾರೆ.

ಇನ್ನು ಏರು. 2025ರ ಏಪ್ರಿಲ್‌ನಲ್ಲಿ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಔದೆನಾರ್ದೆಗೆ ಹೋದೆ, ಕೊಪ್ಪೆನ್‌ಬರ್ಗ್ ಹತ್ತಲು. ಬರೀ 600 ಮೀಟರ್. ಆದರೆ ಕಲ್ಲು ಹಾಸಿನ ದಾರಿ, ಒಂದು ಕಡೆ ಏರು ನೂರಕ್ಕೆ 22. ಇದೇ ಗುಡ್ಡದಲ್ಲಿ ಟೂರ್ ಆಫ್ ಫ್ಲಾಂಡರ್ಸ್ ರಸ್ತೆ ರೇಸೂ ನಡೆಯುತ್ತದೆ, ನವೆಂಬರ್ 1ರಂದು, ಅಂದರೆ ನಮ್ಮ ರಾಜ್ಯೋತ್ಸವದ ದಿನ, ಸೈಕ್ಲೋಕ್ರಾಸೂ ನಡೆಯುತ್ತದೆ. 2024ರ ಫ್ಲಾಂಡರ್ಸ್‌ನಲ್ಲಿ ಮಳೆ ಬಿದ್ದು ಕಲ್ಲೆಲ್ಲ ಸಾಬೂನಾಗಿತ್ತು. ಜಗತ್ತಿನ ದೊಡ್ಡ ದೊಡ್ಡ ಸವಾರರು ಇಳಿದು ಸೈಕಲ್ ತಳ್ಳಿದರು. ವಾನ್ ಡರ್ ಪೂಲ್ ಇಳಿಯದೆ ಹತ್ತಿಹೋದ. ಅಲ್ಲಿಂದ ಕೊನೆವರೆಗೆ ಒಬ್ಬನೇ. ಅವನ ಮೂರನೇ ಫ್ಲಾಂಡರ್ಸ್ ಗೆಲುವು ಅದು.

ನಾನು? ಬಿಸಿಲಿತ್ತು, ಕಲ್ಲು ಒಣಗಿತ್ತು, ನೆಪಕ್ಕೆ ಜಾಗವಿರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಮುಂದೆ 40, ಹಿಂದೆ 32, ಇನ್ನು ಕೆಳಗಿನ ಗೇರಿಲ್ಲ. ಎದ್ದು ನಿಂತು ತುಳಿದೆ. ಹಿಂದಿನ ಚಕ್ರ ಒಂದು ಕಲ್ಲಿನಿಂದ ಹಾರಿ ಮುಂದಿನ ಕಲ್ಲಿನ ಸಂದಿಗೆ ಬಿತ್ತು, ಹ್ಯಾಂಡಲ್ ಎಡಕ್ಕೆ ತಿರುಗಿತು, ಕಾಲು ಕೆಳಗೆ. ಆ ಏರಿನಲ್ಲಿ ಮತ್ತೆ ಹತ್ತಿ ಕೂರುವುದು ಆಗದ ಮಾತು. ತಳ್ಳುತ್ತಿರುವಾಗ ಒಬ್ಬ ಅಜ್ಜ ಮೂರು ಚಕ್ರ ಇರುವ ರೋಡ್ ಬೈಕಿನಲ್ಲಿ, ಮೂರು ಅಂದರೆ ಪೆಡಲ್ ಹತ್ತಿರ ಹಲ್ಲಿನ ಚಕ್ರ ಮೂರು, ನಿಧಾನಕ್ಕೆ ನನ್ನನ್ನು ದಾಟಿ ಹೋದ.

ಹೆಂಡತಿ ಕೇಳಿದ ಪ್ರಶ್ನೆ ಅವತ್ತು ವಾಪಸ್ ರೈಲಿನಲ್ಲಿ ತಲೆಗೆ ಬಂತು. ವಾನ್ ಡರ್ ಪೂಲ್ ಎಲ್ಲ ತರದ ರೇಸೂ ಓಡುತ್ತಾನೆ ನಿಜ, ಒಂದೇ ಸೈಕಲ್ ಮೇಲೆ ಅಲ್ಲ. ರಸ್ತೆಗೆ ಒಂದು, ಕೆಸರಿಗೆ ಒಂದು, ಗುಡ್ಡಕ್ಕೆ ಒಂದು. ಕೆಸರಿನಿಂದ ರಸ್ತೆಗೆ ಅವನು ಹೊತ್ತುಕೊಂಡು ಬರುವುದು ಕೈ ಮತ್ತು ಸೊಂಟದ ಅಂದಾಜನ್ನು. ಅದು ಸೆಕೆಂಡ್ ಹ್ಯಾಂಡ್ ಸಿಗುವುದಿಲ್ಲ. ಆ ಅಂದಾಜೂ ಒಮ್ಮೊಮ್ಮೆ ಕೈಕೊಡುತ್ತದೆ ಅನ್ನಿ. 2021ರ ಟೋಕಿಯೊ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ರೇಸಿನಲ್ಲಿ ಬಂಡೆಯಿಂದ ಇಳಿಯುವ ಜಾಗದಲ್ಲಿ ಅಭ್ಯಾಸದ ದಿನ ಇದ್ದ ಹಲಗೆ ಇರುತ್ತದೆ ಅಂತ ನಂಬಿ ಹೋದ. ರೇಸಿನ ದಿನ ತೆಗೆದಿದ್ದರು. ತಲೆಕೆಳಗಾಗಿ ಬಿದ್ದ. ಚಿನ್ನ ಗೆದ್ದಿದ್ದು ಟಾಮ್ ಪಿಡ್‌ಕಾಕ್, ಅವನೂ ಸೈಕ್ಲೋಕ್ರಾಸ್‌ನಿಂದಲೇ ಬಂದವನು.

ಖರ್ಚಿನ ಮಾತು. ರೇಸಿನಲ್ಲಿ ಕೆಸರು ತುಂಬಿದರೆ ಪಿಟ್‌ನಲ್ಲಿ ಇನ್ನೊಂದು ಬೈಕ್ ರೆಡಿ, ಬಿಟ್ಟದ್ದನ್ನು ಮೆಕ್ಯಾನಿಕ್‌ಗಳು ಜೋರು ನೀರು ಬಿಟ್ಟು ತೊಳೆಯುತ್ತಾರೆ. ನಾನೂ ಪೆಟ್ರೋಲ್ ಬಂಕಿನಲ್ಲಿ ಹಾಗೇ ತೊಳೆದೆ. ನೀರು ಪೆಡಲ್ ಬೇರಿಂಗಿನ ಒಳಗೆ ಹೋಗಿ ಎರಡು ತಿಂಗಳಲ್ಲಿ ಹಳೆ ಬಾಗಿಲಿನ ಹಾಗೆ ಕಿರ್‍ರ್ ಅನ್ನತೊಡಗಿತು. ರಿಪೇರಿಗೆ 85 ಯೂರೋ. ಈಗ ಮೂರನೇ ಮಹಡಿಯ ಬಚ್ಚಲಲ್ಲಿ ಬಕೆಟ್ಟು, ಹಳೆ ಬ್ರಶ್ಶು. ಬ್ರೇಕ್ ಪ್ಯಾಡ್ ಚಳಿಗಾಲಕ್ಕೆ ಎರಡು ಜೊತೆ ಬೇಕು, ಮರಳು ತಿಂದುಹಾಕುತ್ತದೆ.

ಕಾಡು ಹತ್ತಿರವಿದ್ದು, ದಿನಾ ಹತ್ತು ಹದಿನೈದು ಕಿಲೋಮೀಟರ್ ಓಡಾಟ ಇರುವವರು ಧೈರ್ಯವಾಗಿ ತಗೊಳ್ಳಿ. ರೋಡ್ ಬೈಕ್ ಬದಲಿಗೆ ಅಂತ ಬೇಡ. ಮಾರುವ ಯೋಚನೆ ನನಗಿಲ್ಲ. ಏರಿಗೆ ಹಗುರಾಗಲಿ ಅಂತ ಹಿಂದಕ್ಕೆ 36 ಹಲ್ಲಿನವರೆಗಿನ ಕ್ಯಾಸೆಟ್, ಅಂದರೆ ಹಲ್ಲಿನ ಚಕ್ರಗಳ ಜೋಡಣೆ, ಆರ್ಡರ್ ಮಾಡಿದ್ದೇನೆ. ಚೈನನ್ನು ಗೇರಿಂದ ಗೇರಿಗೆ ದಾಟಿಸುವ ಈ ಹಳೆ ಡಿರೇಲರ್ ಅದನ್ನು ಹಿಡಿಯುತ್ತಾ ನೋಡಬೇಕು.