ದುಬೈ ಡೆಸರ್ಟ್ ಸಫಾರಿ: ಮಂಗಳೂರಿನ ಪ್ಯಾಕೇಜ್ ಚೀಟಿಯಲ್ಲಿ ಬರೆಯದೇ ಬಿಟ್ಟದ್ದು

ಮಂಗಳೂರು, ಉಡುಪಿಯ ಟ್ರಾವೆಲ್ಸ್‌ನವರು ಮಾರುವ ದುಬೈ ಪ್ಯಾಕೇಜಿನಲ್ಲಿ ‘ಡೆಸರ್ಟ್ ಸಫಾರಿ, ಬಾರ್ಬೆಕ್ಯೂ ಡಿನ್ನರ್ ಸಹಿತ’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಎಂದರೆ ಗಾಡಿಯಲ್ಲಿ ಮರಳ ದಿಬ್ಬಗಳ ಮೇಲೆ ಓಟ, ಆಮೇಲೆ ಮರುಭೂಮಿಯ ಕ್ಯಾಂಪಿನಲ್ಲಿ ಊಟ. ಆ ಸಾಲಿನ ಕೆಳಗೆ ಒಂಟೆ ಸವಾರಿ, ಮೆಹಂದಿ, ಗಿರಗಿರ ತಿರುಗುವ ತನೂರಾ ನೃತ್ಯ. ಎಲ್ಲರ ಚೀಟಿಯಲ್ಲೂ ಇರುವುದು ಇಷ್ಟೇ, ಆದ್ದರಿಂದ ಅದನ್ನು ನೋಡಿ ಆರಿಸಲು ಬರುವುದಿಲ್ಲ. ಒಂಟೆ ಸವಾರಿ ಎಂದರೆ ಹೆಚ್ಚಾಗಿ ಕ್ಯಾಂಪಿನ ಬಾಗಿಲಲ್ಲಿ ಒಂದು ಸುತ್ತು, ಕುಳಿತು ಸುಧಾರಿಸುವಷ್ಟರಲ್ಲಿ ಇಳಿಸುತ್ತಾರೆ. ಕೇಳಬೇಕಾದ್ದು ಬೇರೆ: ಪಿಕಪ್ ಎಷ್ಟು ಗಂಟೆಗೆ, ಯಾವ ಜಾಗದ ಮರಳು, ಗಾಡಿಯಲ್ಲಿ ಎಷ್ಟು ಮಂದಿ.

ಸಂಜೆಯ ಸಫಾರಿ ಹಾಳಾಗುವುದು ಹೆಚ್ಚಾಗಿ ಪಿಕಪ್ ಸಮಯದಿಂದ. ನಗರದಿಂದ ದಿಬ್ಬಗಳಿಗೆ 45 ನಿಮಿಷದಿಂದ ಒಂದು ಗಂಟೆ. ಶೇರಿಂಗ್ ಗಾಡಿಯಾದರೆ ಉಳಿದವರನ್ನು ಹತ್ತಿಸಿಕೊಳ್ಳಲು ಇನ್ನರ್ಧ ಗಂಟೆ. ಮರಳಿಗೆ ಇಳಿಯುವ ಮೊದಲು ಟಯರಿನ ಗಾಳಿ ಬಿಡುವ ನಿಲುಗಡೆ 20 ನಿಮಿಷ, ದಿಬ್ಬದ ಮೇಲಿನ ಓಟ ಅರ್ಧ ಗಂಟೆ. ಕೂಡಿಸಿದರೆ ಸೂರ್ಯಾಸ್ತಕ್ಕೆ ಎರಡೂವರೆ ಗಂಟೆ ಮೊದಲೇ ಹೊರಟಿರಬೇಕು. ದುಬೈಯಲ್ಲಿ ಕ್ರಿಸ್‌ಮಸ್ ರಜೆಯ ಹೊತ್ತಿಗೆ ಸೂರ್ಯ ಮುಳುಗುವುದು ಸುಮಾರು 5.30ಕ್ಕೆ, ದಸರಾ ರಜೆಯಲ್ಲಿ ಆರರ ಆಸುಪಾಸು, ಏಪ್ರಿಲ್ ಕೊನೆಗೆ 6.45. ವರ್ಷವಿಡೀ ‘3.30ಕ್ಕೆ ಪಿಕಪ್’ ಎನ್ನುವವರ ಗಾಡಿಯಲ್ಲಿ ಡಿಸೆಂಬರಿನಲ್ಲಿ ಹೋದರೆ ಕತ್ತಲಲ್ಲಿ ಮರಳು ನೋಡಬೇಕಾದೀತು. ಇನ್ನೊಂದು, ನಮ್ಮವರಲ್ಲಿ ಹಲವರು ಹೋಟೆಲ್ ಬಿಟ್ಟು ಶಾರ್ಜಾ, ಅಜ್ಮಾನಿನ ಬಂಧುಗಳ ಫ್ಲಾಟಿನಲ್ಲಿ ಉಳಿಯುತ್ತಾರೆ. ಅಲ್ಲಿಂದ ಪಿಕಪ್ ಉಂಟೋ, ಅದಕ್ಕೆ ಬೇರೆ ಹಣವೋ ಎಂದು ಇಲ್ಲಿಯೇ ಬರೆಸಿಕೊಳ್ಳಿ.

ಮರಳಿನ ವಿಷಯ ಚಿಕ್ಕದು. ಫೋಟೋಗಳಲ್ಲಿ ಕಾಣುವ ಕೆಂಪು ದಿಬ್ಬಗಳು ಹತ್ತಾ ರಸ್ತೆಯ ಲಹಬಾಬ್ ಕಡೆಯವು, ಕಬ್ಬಿಣದ ಆಕ್ಸೈಡಿನಿಂದ ಆ ಬಣ್ಣ. ವೋಚರಿನಲ್ಲಿ ಆ ಹೆಸರೇ ಇರಲಿ. ಕುಲುಕಾಟ ಬೇಡ, ಮರುಭೂಮಿ ನೋಡಿದರೆ ಸಾಕು ಎನ್ನುವವರು ದುಬೈ ಡೆಸರ್ಟ್ ಕನ್ಸರ್ವೇಷನ್ ರಿಸರ್ವ್ ಕೇಳಿ. ಸುಮಾರು 225 ಚದರ ಕಿ.ಮೀ. ಸಂರಕ್ಷಿತ ಜಾಗ. ಒಳಗೆ ಹೋಗಲು ಅನುಮತಿ ಇರುವ ಸಂಸ್ಥೆಗಳು ಕೆಲವೇ, ದರವೂ ಜಾಸ್ತಿ. 1972ರಲ್ಲಿ ಕಾಡಿನಿಂದ ಅಳಿದೇಹೋಗಿದ್ದ ಅರೇಬಿಯನ್ ಓರಿಕ್ಸ್ ಎಂಬ ಬಿಳಿ ಜಿಂಕೆಯಂಥ ಪ್ರಾಣಿ ಅಲ್ಲಿ ಈಗ ಹಿಂಡಾಗಿ ಮೇಯುತ್ತದೆ. ಕೊಟ್ಟ ಹಣಕ್ಕೆ ಮೋಸವಿಲ್ಲ.

ಗಾಡಿ ಸಾಮಾನ್ಯವಾಗಿ ಲ್ಯಾಂಡ್ ಕ್ರೂಸರ್, ಚಾಲಕನನ್ನು ಬಿಟ್ಟು ಆರು ಮಂದಿ. ಒಳಗೆ ರೋಲ್ ಕೇಜ್ (ಗಾಡಿ ಮಗುಚಿದರೆ ಕಾಯುವ ಕಬ್ಬಿಣದ ಚೌಕಟ್ಟು), ಪ್ರತಿ ಸೀಟಿಗೂ ಬೆಲ್ಟ್ ಇದೆಯೇ ನೋಡಿಯೇ ಹತ್ತಿ. ಟಯರಿನ ಒತ್ತಡವನ್ನು 35 ಪಿಎಸ್‌ಐ ಸುಮಾರಿನಿಂದ 15–18ಕ್ಕೆ ಇಳಿಸುತ್ತಾರೆ. ಟಯರ್ ಚಪ್ಪಟೆಯಾಗಿ ಹೆಚ್ಚು ಮರಳಿನ ಮೇಲೆ ಭಾರ ಹಂಚಿಕೊಳ್ಳುತ್ತದೆ, ಹುಗಿಯುವುದಿಲ್ಲ. ಮರಳಿ ಡಾಂಬರಿಗೆ ಬಂದಾಗ ಗಾಳಿ ತುಂಬದೆ ಓಡಿಸಿದರೆ ಟಯರ್ ಕಾದು ಸಿಡಿಯಬಹುದು, ಆದ್ದರಿಂದ ಅಲ್ಲಿ ಅವಸರ ಮಾಡಬೇಡಿ. ಗಾಳಿ ಬಿಡುವ ನಿಲುಗಡೆಯಲ್ಲೇ ನಾಲ್ಕು ಚಕ್ರದ ಕ್ವಾಡ್ ಬೈಕ್‌ನವರು, ತಲೆವಸ್ತ್ರ ಸುತ್ತುವವರು ಮುತ್ತಿಕೊಳ್ಳುತ್ತಾರೆ. ಕ್ವಾಡ್ ಬೈಕ್ ಪ್ಯಾಕೇಜಿನಲ್ಲಿಲ್ಲದಿದ್ದರೆ ದರ ಅಲ್ಲಿ ಬಾಯಿಗೆ ಬಂದದ್ದು. ತಲೆವಸ್ತ್ರಕ್ಕೆ ಹಣ ಕೊಡುವುದು ಯಾಕೆ ಮಾರಾಯ್ರೆ, ಮನೆಯ ಬೈರಾಸು ಒಂದು ಚೀಲದಲ್ಲಿ ಇದ್ದರೆ ಸಾಕು.

ವಾಂತಿ ಬರುವುದು ಹೆಚ್ಚಾಗಿ ಕೊನೆಯ ಸಾಲಿನವರಿಗೆ. ಹಿಂದಿನ ಆಕ್ಸಲ್ ಮೇಲೆ ಕೂರುವುದರಿಂದ ಎತ್ತಿ ಹಾಕುವುದು ಅಲ್ಲೇ ಜಾಸ್ತಿ. ಬಸ್ಸಿನಲ್ಲಿ ಶಿರಾಡಿ, ಆಗುಂಬೆ ಘಾಟಿ ಹತ್ತುವಾಗ ಹೊಟ್ಟೆ ತೊಳಸುವವರು ಮುಂದಿನ ಸೀಟು ಮೊದಲೇ ಕೇಳಿಕೊಂಡು, ಹನ್ನೆರಡೂವರೆಗೆ ಮೊಸರನ್ನದಂಥ ಹಗುರ ಊಟ ಮುಗಿಸಿರಲಿ. ಮಾತ್ರೆ ಗಾಡಿ ಕುಣಿಯಲು ಶುರುವಾದ ಮೇಲೆ ನುಂಗಿದರೆ ಕೆಲಸ ಮಾಡದು, ಕನಿಷ್ಠ ಅರ್ಧ–ಒಂದು ಗಂಟೆ ಮೊದಲು ಬೇಕು. ಗರ್ಭಿಣಿಯರು, ಬೆನ್ನು–ಕುತ್ತಿಗೆ ನೋವಿನವರು, ಹೃದ್ರೋಗಿಗಳು, ಪುಟ್ಟ ಮಕ್ಕಳು ದಿಬ್ಬದ ಓಟಕ್ಕೆ ಹೋಗಲೇಬಾರದು. ಅವರನ್ನು ರಸ್ತೆಯಿಂದ ನೇರ ಕ್ಯಾಂಪಿಗೆ ಬಿಡುತ್ತಾರೆ, ಆದರೆ ಬುಕಿಂಗ್ ವೇಳೆಯಲ್ಲೇ ಹೇಳಿರಬೇಕು. ಅಜ್ಜ–ಅಜ್ಜಿ ಜತೆಗಿದ್ದರೆ ಶೇರಿಂಗ್ ಬಿಟ್ಟು ಪೂರ್ತಿ ಗಾಡಿ ತೆಗೆದುಕೊಳ್ಳುವುದೇ ಸರಿ. ಆಗ ‘ಮೆಲ್ಲ ಹೋಗಿ’ ಎಂದು ಹೇಳುವ ಹಕ್ಕಾದರೂ ನಿಮ್ಮದು.

ಕರಾವಳಿಯವರು ಎಡವುವುದು ನೀರಿನಲ್ಲಿ. ಇಲ್ಲಿ ಬೆವರು ಅಂಗಿಗೆ ಅಂಟುತ್ತದೆ, ದಾಹ ತಾನಾಗಿ ನೆನಪಾಗುತ್ತದೆ. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರುತ್ತದೆ, ತಲೆನೋವು ಬಂದಾಗಲೇ ಗೊತ್ತಾಗುವುದು. ಒಬ್ಬರಿಗೆ ಒಂದು ಲೀಟರ್ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಆ ರಜೆಗೆ ಬೆಳಗಿನ ಸಫಾರಿ ವಾಸಿ. ಡಿಸೆಂಬರ್–ಜನವರಿಯಲ್ಲಿ ತದ್ವಿರುದ್ಧ. ಕ್ಯಾಂಪಿನಲ್ಲಿ ರಾತ್ರಿ ಗಡಗಡ ನಡುಕ, ಸ್ವೆಟರ್ ಇಲ್ಲದ ಊರಿನವರು ಒಂದಾದರೂ ಕೊಂಡುಕೊಳ್ಳಬೇಕು. ರಂಜಾನ್ ತಿಂಗಳಲ್ಲಿ ಹಲವು ಕ್ಯಾಂಪುಗಳಲ್ಲಿ ಹಾಡು–ಕುಣಿತ ಇರುವುದಿಲ್ಲ, ದರ ಮಾತ್ರ ಅದೇ ಇದ್ದರೆ ಚೌಕಾಸಿ ಮಾಡಿ.

ಊಟಕ್ಕೆ ಅಷ್ಟೇನೂ ಅಂಕ ಸಿಗುವುದಿಲ್ಲ. ಮಾಂಸಾಹಾರಿಗಳಿಗೆ ಅಡ್ಡಿಯಿಲ್ಲ. ಸಸ್ಯಾಹಾರಿಗಳಿಗೆ ಹಮ್ಮಸ್ (ರುಬ್ಬಿದ ಕಾಬೂಲಿ ಕಡಲೆ), ಸಲಾಡ್, ಅನ್ನ, ದಾಲ್, ಅದೂ ಒಂದೇ ಚಿಮಟ ಎಲ್ಲ ಪಾತ್ರೆಗೂ ಓಡಾಡುವ ಬಫೆಯಲ್ಲಿ. ಮಡಿ ನೋಡುವವರು ಹಣ್ಣು ತಿಂದು, ನಗರಕ್ಕೆ ಮರಳಿ ಬಂದು ದುಬೈಯ ಕರಾಮಾ ಬಡಾವಣೆಯ ಉಡುಪಿ ಹೋಟೆಲಿನಲ್ಲಿ ದೋಸೆ ತಿಂದರೆ ನೆಮ್ಮದಿ.

ಪೆಟ್ಟಿಗೆ ಕಟ್ಟುವಾಗ ಒಂದು ಮಾತು. ಗಸಗಸೆ, ವೀಳ್ಯದೆಲೆ ಯುಎಇಯಲ್ಲಿ ನಿಷಿದ್ಧ. ಬಂಧುಗಳಿಗೆಂದು ಒಯ್ಯುವ ಮನೆಯ ಮಸಾಲೆ ಹುಡಿಗೆ ಗಸಗಸೆ ಹುರಿದು ಹಾಕಿದ್ದರೆ ಅದನ್ನೂ ಇಲ್ಲೇ ಬಿಡಿ. ಕೋರಿ ರೊಟ್ಟಿ ಧಾರಾಳ ಒಯ್ಯಬಹುದು, ಚೆಕ್ ಇನ್ ಬ್ಯಾಗಿನಲ್ಲಿ ಹಾಕಿದರೆ ಪುಡಿಯಾಗುತ್ತದೆ, ಕೈಚೀಲದಲ್ಲೇ ಇರಲಿ.