ಬಾಲ್ಮೋರಲ್ ಟೂರ್ ಬುಕ್ ಮಾಡುವ ಮೊದಲು ಇದನ್ನು ಓದಿ

ಆಗಸ್ಟ್ ಕೊನೆಯ ವಾರ. ಬೆಳಿಗ್ಗೆ 8ಕ್ಕೆ ಎಡಿನ್‌ಬರೋ ಬಿಟ್ಟ 16 ಸೀಟಿನ ಮಿನಿಬಸ್ಸು ಮಧ್ಯಾಹ್ನ ಸ್ಕಾಟ್ಲೆಂಡಿನಲ್ಲಿರುವ ಬ್ರಿಟಿಷ್ ರಾಜಮನೆತನದ ಬೇಸಿಗೆ ಅರಮನೆ ಬಾಲ್ಮೋರಲ್‌ನ ಗೇಟಿನ ಎದುರು ನಿಂತಿತು. ಗೇಟು ಹಾಕಿತ್ತು, ಪಕ್ಕದಲ್ಲಿ ಪೊಲೀಸ್ ಕಾವಲು. ಗೈಡ್ ‘ಹತ್ತು ನಿಮಿಷ, ಫೋಟೊ ತೆಗೆದುಕೊಂಡು ಬನ್ನಿ’ ಅಂದರು. ಫೋಟೊದಲ್ಲಿ ಬಂದದ್ದು ಕಬ್ಬಿಣದ ಗೇಟು, ಅದರ ಹಿಂದೆ ಮರಗಳು. ಅರಮನೆ ಅಲ್ಲಿಂದ ಕಾಣುವುದೇ ಇಲ್ಲ. ಮಗನ ಮನೆಗೆಂದು ಬೆಂಗಳೂರಿನಿಂದ ಬಂದಿದ್ದ ಅಪ್ಪ-ಅಮ್ಮ ಬಸ್ಸು ಹತ್ತುವಾಗ ಕೇಳಿದ್ದು ಒಂದೇ ಮಾತು: ‘ಇಷ್ಟೇನಾ?’

ಅವರು ಹಣ ವಾಪಸ್ ಕೇಳಿದಾಗ ಕಂಪನಿಯವರು ಜಾಹೀರಾತನ್ನೇ ತೋರಿಸಿದರು. ಅದರಲ್ಲಿ ‘ರಾಯಲ್ ಡೀಸೈಡ್ ಮೂಲಕ ಪ್ರಯಾಣ, ಬಾಲ್ಮೋರಲ್ ಬಳಿ ನಿಲುಗಡೆ’ ಅಂತಿತ್ತು. (ರಾಯಲ್ ಡೀಸೈಡ್ ಅಂದರೆ ಬಾಲ್ಮೋರಲ್ ಇರುವ ಡೀ ನದಿಯ ಕಣಿವೆ.) ‘ಪ್ರವೇಶ’ ಎಂಬ ಪದ ಎಲ್ಲೂ ಇರಲಿಲ್ಲ. ಚಿತ್ರ ಮಾತ್ರ ಅರಮನೆಯದ್ದು, ಹುಲ್ಲುಹಾಸಿನ ಮೇಲೆ ನಿಂತು ತೆಗೆದದ್ದು. ಆದ್ದರಿಂದ ಜಾಹೀರಾತಿನಲ್ಲಿ ಚಿತ್ರಕ್ಕಿಂತ ಮೊದಲು ಪದಗಳನ್ನು ನೋಡಿ. ‘ಬಳಿ’, ‘ಮೂಲಕ’, ‘ನೋಟ’ ಅಂತಿದ್ದರೆ ಒಳಗೆ ಬಿಡುತ್ತಾರೆ ಅಂದುಕೊಳ್ಳಬೇಡಿ. ಪ್ರವೇಶ ಟಿಕೆಟ್ ಸೇರಿದೆ ಅಂತ ಸ್ಪಷ್ಟವಾಗಿ ಬರೆದಿರಬೇಕು.

ಗೇಟು ಯಾಕೆ ಹಾಕಿತ್ತು? ಬಾಲ್ಮೋರಲ್ ಸರ್ಕಾರದ ಆಸ್ತಿ ಅಲ್ಲ, ರಾಜಮನೆತನದ ಸ್ವಂತ ಮನೆ. ವಿಕ್ಟೋರಿಯಾ ರಾಣಿಗಾಗಿ ಪತಿ ಆಲ್ಬರ್ಟ್ ಇದನ್ನು 1852ರಲ್ಲಿ ಕೊಂಡರು. ಅಲ್ಲೇ ಹತ್ತಿರದ ಗ್ಲೆನ್ ಗೆಲ್ಡರ್‌ನ ತಿಳಿಬೂದು ಗ್ರಾನೈಟಿನಲ್ಲಿ ಕಟ್ಟಿದ ಈಗಿನ ಅರಮನೆ ಮುಗಿದದ್ದು 1856ರಲ್ಲಿ. ಎರಡನೇ ಎಲಿಜಬೆತ್ 2022ರ ಸೆಪ್ಟೆಂಬರ್ 8ರಂದು ತೀರಿಕೊಂಡದ್ದು ಇಲ್ಲಿಯೇ. ರಾಜಮನೆತನದವರು ಬೇಸಿಗೆ ಕಳೆಯಲು ಬರುವುದು ಆಗಸ್ಟ್‌ನಲ್ಲಿ. ಸಾಮಾನ್ಯವಾಗಿ ಆ ತಿಂಗಳ ಮೊದಲರ್ಧದಲ್ಲೇ ಜನರಿಗೆ ಬಾಗಿಲು ಮುಚ್ಚುತ್ತದೆ, ಅವರು ಹೊರಡುವವರೆಗೆ ತೆರೆಯುವುದಿಲ್ಲ. ಬ್ರಿಟನ್ನಿನಲ್ಲಿರುವ ನಮ್ಮವರು ಹೆಚ್ಚಾಗಿ ಹೋಗುವುದೂ ಮಕ್ಕಳ ಶಾಲೆಗೆ ರಜೆ ಇರುವ ಆಗಸ್ಟ್‌ನಲ್ಲೇ, ಸಮಸ್ಯೆ ಅಲ್ಲಿದೆ. ತೆರೆಯುವ-ಮುಚ್ಚುವ ದಿನ ಪ್ರತಿ ವರ್ಷ ಬದಲಾಗುತ್ತದೆ, ಹಾಗಾಗಿ ಬಾಲ್ಮೋರಲ್‌ನ ಅಧಿಕೃತ ತಾಣದಲ್ಲೇ ನೋಡಿ. ಟೂರ್ ಕಂಪನಿಯ ಪುಟವನ್ನು ನಂಬಿ ಕೂರಬೇಡಿ.

ತೆರೆದಿರುವಾಗಲೂ ಮಾಮೂಲಿ ಟಿಕೆಟ್ಟಿಗೆ ಸಿಗುವುದು ತೋಟ, ಪ್ರದರ್ಶನ ಮತ್ತು ಬಾಲ್‌ರೂಮ್ ಎಂಬ ಒಂದು ದೊಡ್ಡ ಹಜಾರ. 2024ರ ಜುಲೈನಲ್ಲಿ ಒಳಗಿನ ಇನ್ನಷ್ಟು ಕೋಣೆಗಳನ್ನು ತೋರಿಸಲು ಶುರು ಮಾಡಿದರು. ಆಗ ಒಂದು ಗುಂಪಿಗೆ ಹತ್ತೇ ಜನ, ತಲೆಗೆ 100 ಪೌಂಡ್, ಟಿಕೆಟ್ ಬಿಟ್ಟ ಕೂಡಲೇ ಖಾಲಿ. ಬಸ್ ಟೂರಿನ ದರದಲ್ಲಿ ಅದು ಸೇರಿರುತ್ತದೆ ಅಂತ ಎಣಿಸಲೇಬೇಡಿ.

ಈಗ ಗಂಟೆ ಲೆಕ್ಕ ಹಾಕೋಣ, ಹೆಚ್ಚು ಜನ ಎಡವುವುದು ಇಲ್ಲೇ. ಎಡಿನ್‌ಬರೋದಿಂದ ಪರ್ತ್, ಬ್ಲೇರ್‌ಗೌರಿ, ಗ್ಲೆನ್‌ಶೀ, ಬ್ರೇಮಾರ್ ದಾಟಿ ಬಾಲ್ಮೋರಲ್‌ಗೆ ಸುಮಾರು 160 ಕಿಲೋಮೀಟರ್. ಎಲ್ಲೂ ನಿಲ್ಲದಿದ್ದರೂ ಎರಡೂವರೆ ಗಂಟೆ ದಾಟುತ್ತದೆ. ಹೋಗಿ ಬರಲು ಐದೂವರೆ ಅಂತಿಟ್ಟುಕೊಳ್ಳಿ. ಹತ್ತು ಗಂಟೆಯ ಟೂರಿನಲ್ಲಿ ಉಳಿಯುವುದು ನಾಲ್ಕೂವರೆ. ಅದರಲ್ಲಿ ಊಟಕ್ಕೆ ಒಂದು ಗಂಟೆ, ಶೌಚಾಲಯದ ನಿಲುಗಡೆಗೆ ಅರ್ಧ ಗಂಟೆ, ದಾರಿಯಲ್ಲಿ ಇನ್ನೊಂದು ಕೋಟೆ, ಬ್ಯಾಲಟರ್ ಪೇಟೆ ಸುತ್ತಾಟ. ಬಾಲ್ಮೋರಲ್‌ಗೆ ಉಳಿಯುವುದು ಒಂದು ಗಂಟೆ ಇದ್ದರೆ ಹೆಚ್ಚು. ಪಕ್ಕದ ಕ್ರೇಥಿ ಹಳ್ಳಿಯ ಪಾರ್ಕಿಂಗ್‌ನಲ್ಲಿ ಇಳಿದು, ಎಂಜಿನಿಯರ್ ಬ್ರುನೆಲ್ ವಿನ್ಯಾಸ ಮಾಡಿದ ಸೇತುವೆಯ ಮೇಲೆ ಡೀ ನದಿ ದಾಟಿ ಒಳಗೆ ನಡೆಯಬೇಕು. ವಯಸ್ಸಾದವರ ಜೊತೆ ಸಮಾಧಾನವಾಗಿ ನೋಡಲು ಎರಡೂವರೆ ಗಂಟೆ ಬೇಕು. ಬುಕ್ ಮಾಡುವ ಮೊದಲು ‘ಬಾಲ್ಮೋರಲ್‌ನಲ್ಲಿ ಎಷ್ಟು ನಿಮಿಷ?’ ಅಂತ ಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಗ್ಲೆನ್‌ಶೀ ದಾಟಿದ ಮೇಲೆ ಬರುವ ಕೇರ್ನ್‌ವೆಲ್ ಕಣಿವೆದಾರಿ 670 ಮೀಟರ್ ಎತ್ತರದ್ದು, ಬ್ರಿಟನ್ನಿನ ಮುಖ್ಯರಸ್ತೆಗಳಲ್ಲೇ ಅತಿ ಎತ್ತರ. ವಾಂತಿಯಾಗುವವರಿಗೆ ಮುಂದಿನ ಸೀಟು ಕೇಳಿ, ಮಾತ್ರೆ ಇಟ್ಟುಕೊಳ್ಳಿ. ಹಿಮ ಬಿದ್ದರೆ ರಸ್ತೆಗೆ ಅಡ್ಡ ಗೇಟು ಹಾಕುತ್ತಾರೆ. ಡಿಸೆಂಬರ್‌ನಲ್ಲಿ ಮೂರೂವರೆಗೆ ಕತ್ತಲಾಗುತ್ತದೆ, ಆಗ ಈ ಟೂರ್ ಬೇಡವೇ ಬೇಡ.

ಇದೇ ದಾರಿಯ ಇನ್ನೊಂದು ಮೋಸ ಸ್ಕೂನ್ ಅರಮನೆಯ ‘ಪಟ್ಟಾಭಿಷೇಕದ ಕಲ್ಲು’. ಸ್ಕಾಟ್ಲೆಂಡಿನ ರಾಜರು ಪಟ್ಟಕ್ಕೇರುತ್ತಿದ್ದದ್ದು ಸ್ಕೂನ್‌ನಲ್ಲೇ, ಅದು ನಿಜ. ಆದರೆ ಈಗ ಅಲ್ಲಿ ಗುಡ್ಡದ ಮೇಲಿರುವುದು ನಕಲು. ಅಸಲಿಯನ್ನು 1296ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ಎಡ್ವರ್ಡ್ ಹೊತ್ತೊಯ್ದ. ಅದು ಸ್ಕಾಟ್ಲೆಂಡಿಗೆ ಮರಳಿದ್ದು 1996ರಲ್ಲಿ. 2024ರ ಮಾರ್ಚ್‌ನಿಂದ ಪರ್ತ್ ಮ್ಯೂಸಿಯಂನಲ್ಲಿದೆ. ಸ್ಕೂನ್‌ನಿಂದ ಕೆಲವೇ ಕಿಲೋಮೀಟರ್, ಪ್ರವೇಶವೂ ಉಚಿತ. ಅಷ್ಟು ಹತ್ತಿರ ಹೋಗಿಯೂ ಅಸಲಿಯನ್ನು ನೋಡದೆ ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಊಟದ ವಿಷಯ ಸಸ್ಯಾಹಾರಿಗಳು ತಪ್ಪದೆ ಓದಿ. ಹಳ್ಳಿ ಕೆಫೆಯಲ್ಲಿ ಲೆಂಟಿಲ್ ಸೂಪ್ ಅಂದಾಗ ನಮ್ಮ ಬೇಳೆಕಟ್ಟು ಅಂದುಕೊಂಡು ತರಿಸುತ್ತಾರೆ. ಸ್ಕಾಟ್ಲೆಂಡಿನ ಸಂಪ್ರದಾಯದಲ್ಲಿ ಅದನ್ನು ಹಂದಿ ಮೂಳೆ ಬೇಯಿಸಿದ ನೀರಿನಲ್ಲೇ ಮಾಡುವುದು. ಬಟ್ಟಲಿನ ತಳದಲ್ಲಿ ಗುಲಾಬಿ ಬಣ್ಣದ ಸಣ್ಣ ಎಳೆಗಳು ಕಂಡಮೇಲೆ ಗೊತ್ತಾಗಿ ಏನು ಪ್ರಯೋಜನ? ‘ಸ್ಟಾಕ್ ಯಾವುದು?’ ಅಂತ ಮೊದಲೇ ಕೇಳಿ. ಕೆಲವು ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ, ಅದನ್ನೂ ಕೇಳಿ. ಚಪಾತಿ-ಪಲ್ಯ ಕಟ್ಟಿಕೊಂಡು ಹೋದರೆ ಊಟದ ಸಮಯವೂ ಉಳಿಯುತ್ತದೆ.

ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಹೋಗಬೇಕಾದರೆ ಬಾಲ್ಮೋರಲ್ ಬಿಟ್ಟು ಗ್ಲಾಮ್ಸ್ ಕೋಟೆಯ ಟೂರ್ ಹುಡುಕಿ. ಎಲಿಜಬೆತ್‌ರ ತಾಯಿ ಬೆಳೆದ ಮನೆ ಅದು, ತಂಗಿ ಮಾರ್ಗರೆಟ್ 1930ರಲ್ಲಿ ಹುಟ್ಟಿದ್ದೂ ಅಲ್ಲೇ. ಬಾಲ್ಮೋರಲ್ಲೇ ಬೇಕೆಂದಾದರೆ ತೆರೆದಿರುವ ದಿನ ನೋಡಿ, ಹಿಂದಿನ ರಾತ್ರಿ ಅಬರ್ಡೀನ್‌ನಲ್ಲಿ ಉಳಿದುಕೊಳ್ಳಿ. ಅಲ್ಲಿಂದ 80 ಕಿಲೋಮೀಟರ್, 201ನೇ ನಂಬರಿನ ಬಸ್ಸು ಕ್ರೇಥಿಯಲ್ಲೇ ಇಳಿಸುತ್ತದೆ. ವಾಪಸ್ ಬಸ್ಸಿನ ವೇಳೆಯನ್ನು ಇಳಿದ ಕೂಡಲೇ ಬರೆದುಕೊಳ್ಳಿ.

ಈಗಾಗಲೇ ಬುಕ್ ಮಾಡಿ ಸಿಕ್ಕಿಹಾಕಿಕೊಂಡಿದ್ದರೆ: ಬ್ರಿಟನ್ನಿನಲ್ಲಿ ಆನ್‌ಲೈನ್ ಖರೀದಿಗೆ ಇರುವ 14 ದಿನಗಳ ರದ್ದತಿ ಹಕ್ಕು ದಿನಾಂಕ ಗೊತ್ತುಮಾಡಿದ ಪ್ರವಾಸಕ್ಕೆ ಅನ್ವಯಿಸುವುದಿಲ್ಲ. ರಾತ್ರಿ ತಂಗದ ಒಂದು ದಿನದ ಟೂರಿಗೆ ಪ್ಯಾಕೇಜ್ ಪ್ರವಾಸದ ಕಾನೂನಿನ ರಕ್ಷಣೆಯೂ ಇಲ್ಲ. ಉಳಿಯುವುದು 2015ರ ಗ್ರಾಹಕ ಹಕ್ಕು ಕಾಯ್ದೆ. ಕಂಪನಿ ಹೇಳಿದ ಮಾತನ್ನು ನಂಬಿ ನೀವು ಬುಕ್ ಮಾಡಿದ್ದರೆ ಆ ಮಾತಿಗೆ ಅದು ಬದ್ಧ. ಅದಕ್ಕೇ ‘ಎಷ್ಟು ನಿಮಿಷ?’ ಅಂತ ಕೇಳಿದ ಆ ಮೇಲ್ ಬೇಕು. ಜಾಹೀರಾತಿನ ಸ್ಕ್ರೀನ್‌ಶಾಟನ್ನು ಬುಕ್ ಮಾಡಿದ ದಿನವೇ ತೆಗೆದಿಡಿ, ಆಮೇಲೆ ಪುಟ ಬದಲಾಗಿರಬಹುದು. ದೂರು ಕೊಡುವಾಗ ಗೇಟಿನ ಮುಂದೆ ತೆಗೆದ ಫೋಟೊವನ್ನೂ ಲಗತ್ತಿಸಿ, ಅದರಲ್ಲಿ ದಿನಾಂಕ ಮತ್ತು ಸಮಯ ಇರುತ್ತದೆ.